ಕೋಲಾರದ ಗಣಿಯೂ ಕಣವಿಜ್ಞಾನದ ಸಹಯೋಗವೂ

ಪರಮಾಣುವಿಗಿಂತಲೂ ಕಿರಿದಾದ ಕಣಗಳ ಶೋಧನೆಯು ಒಬ್ಬ ವಿಜ್ಞಾನಿಯ ಏಕಾಂತ ಸಾಧನೆಯಾಗಿದ್ದ ಕಾಲವು ಎಂದೋ ಕಳೆದುಹೋಯಿತು. 2015ರಲ್ಲಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಜಿನೀವಾದ ಸರ್ನ್ ಸಂಸ್ಥೆಯ ಎರಡು ತಂಡಗಳು ಕೂಡಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಮಂದಿ ಕರ್ತೃಗಳಿದ್ದರು. ಇಂತಹ ಸಹಯೋಗಕ್ಕೆ ಹಣವೂ ಬುದ್ಧಿಯೂ ಬೇಕೆಂಬುದು ಎಲ್ಲರೂ ಬಲ್ಲ ಮಾತು. ಇವೆರಡರ ಜೊತೆಗೆ ಮೂರನೆಯದೊಂದು ಬೇಕು: ದಶಕಗಳವರೆಗೆ ಕೈತಪ್ಪದೆ ದೊರೆಯುವ ನೆಲ. ಇದಕ್ಕೆ ಕೋಲಾರದ ಚಿನ್ನದ ಗಣಿಯ ಚರಿತ್ರೆಯೇ ಸಾಕ್ಷಿ.

ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ತಾಕಿದಾಗ ಮ್ಯೂಆನ್ ಮತ್ತು ನ್ಯೂಟ್ರಿನೋ ಎಂಬ ಕಣಗಳು ಹುಟ್ಟುತ್ತವೆ. ಮ್ಯೂಆನುಗಳು ಬಂಡೆಯನ್ನು ತೂರಿ ಇಳಿಯಬಲ್ಲವಾದರೂ, ಆಳ ಹೆಚ್ಚಿದಂತೆ ಶಕ್ತಿಗುಂದಿ ಅಡಗುತ್ತವೆ. ನ್ಯೂಟ್ರಿನೋ ಹಾಗಲ್ಲ, ಇಡೀ ಭೂಗೋಲವನ್ನೇ ಹಾದುಹೋಗಬಲ್ಲದು. ಎಲ್ಲಿಯೋ ಅಪೂರ್ವವಾಗಿ ಅದು ಬಂಡೆಯೊಳಗಿನ ಒಂದು ಪರಮಾಣುವಿಗೆ ತಾಕಿದರೆ ಹೊಸದೊಂದು ಮ್ಯೂಆನ್ ಹುಟ್ಟುತ್ತದೆ. ಆ ಅಪೂರ್ವ ಘಟನೆಯನ್ನು ಗುರುತಿಸಬೇಕಾದರೆ ಮೇಲಿನಿಂದ ಸುರಿಯುವ ಮ್ಯೂಆನುಗಳ ಗದ್ದಲವಿಲ್ಲದ ತಾಣ ಬೇಕು.

1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ್ದ ಬಿ. ವಿ. ಶ್ರೀಕಂಠನ್ ಅವರು, ಹೋಮಿ ಭಾಭಾ ಅವರ ಸೂಚನೆಯಂತೆ 1951ರಲ್ಲಿ ಕೋಲಾರದ ಗಣಿಯಲ್ಲಿ ಮ್ಯೂಆನುಗಳ ಅಳತೆಯನ್ನು ಆರಂಭಿಸಿದರು. ಮುಂದಿನ ದಶಕದ ಮೊದಲಲ್ಲಿ ಜಪಾನಿನ ಮಿಯಾಕೆ, ಟಾಟಾ ಸಂಸ್ಥೆಯ ನರಸಿಂಹಂ ಮತ್ತು ರಮಣಮೂರ್ತಿಯವರು ಉಪಕರಣಗಳನ್ನು ಇನ್ನೂ ಆಳಕ್ಕೆ ಒಯ್ದರು. ಅತ್ಯಂತ ಆಳದ ನೆಲೆಯಲ್ಲಿ ಒಂದು ಮ್ಯೂಆನೂ ದಾಖಲಾಗಲಿಲ್ಲ. ಆ ಶೂನ್ಯವೇ ಮುಂದಿನ ಶೋಧಕ್ಕೆ ಬೀಜವಾಯಿತು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯ ಕೈಗೂಡಿಸಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದುವು. ಅಲ್ಲಿಯವರೆಗೆ ತೂರಿಬರುವ ಕೆಲವೇ ಮ್ಯೂಆನುಗಳು ಬಹುಮಟ್ಟಿಗೆ ನೆಟ್ಟಗೆ ಮೇಲಿನಿಂದಲೇ ಬರತಕ್ಕವು; ಅಡ್ಡಡ್ಡಲಾಗಿ ಬಂದದ್ದು ನ್ಯೂಟ್ರಿನೋವಿನ ಸಂತಾನವೇ ಸರಿ. ಆದ್ದರಿಂದ ಉಪಕರಣಗಳನ್ನು ಗೋಡೆಗಳಂತೆ ಎದುರುಬದುರಾಗಿ ನಿಲ್ಲಿಸಲಾಯಿತು. 11 ಮಂದಿ ಕರ್ತೃಗಳ ಪ್ರಬಂಧವು 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವು ಅದೇ ವರ್ಷದ ಫೆಬ್ರವರಿಯಲ್ಲಿಯೇ ಇಂತಹ ಘಟನೆಯನ್ನು ಕಂಡಿತ್ತು. ಅವರ ಪ್ರಬಂಧ ಹೊರಬಂದದ್ದು ಆಗಸ್ಟ್ 30ರಂದು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು ಮನುಷ್ಯನು ಕಂಡದ್ದು ಹೀಗೆ, ಎರಡು ಚಿನ್ನದ ಗಣಿಗಳಲ್ಲಿ.

1980ರಿಂದ ಕೋಲಾರದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸುವ ಪ್ರಯೋಗವು ಒಸಾಕಾದವರ ಸಹಯೋಗದಿಂದ ನಡೆಯಿತು. 140 ಟನ್ ತೂಕದ ಉಪಕರಣವು ತೋರಿದ ಕೆಲವು ಘಟನೆಗಳು ಕ್ಷಯದ ಕುರುಹುಗಳಿರಬಹುದೆಂದು ಅಂದು ತೋರಿದುವು. ಬೇರೆಡೆಯ ದೊಡ್ಡ ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಕ್ಷಯವು ಇಂದಿಗೂ ಯಾರ ಕಣ್ಣಿಗೂ ಬಿದ್ದಿಲ್ಲ. 1990ರ ದಶಕದ ಆದಿಯಲ್ಲಿ ಕೋಲಾರದ ಪ್ರಯೋಗಗಳು ಮುಗಿದುವು. ಚಿನ್ನ ತೆಗೆಯುವ ವೆಚ್ಚವು ಹುಟ್ಟುವಳಿಯನ್ನು ಮೀರಿದ್ದರಿಂದ 2001ರ ಫೆಬ್ರವರಿ ಕೊನೆಗೆ ಗಣಿಯೂ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿಕೊಂಡಿತು.

ಜಪಾನಿನ ಕಾಮಿಯೋಕಾ ಗಣಿಯಲ್ಲಿಯೂ ಪ್ರಯೋಗ ಆರಂಭವಾದದ್ದು ಪ್ರೋಟಾನಿನ ಕ್ಷಯಕ್ಕಾಗಿಯೇ. ಅಲ್ಲಿಯೂ ಗಣಿಗಾರಿಕೆ 2001ರಲ್ಲಿಯೇ ನಿಂತಿತು. ಆದರೆ ಅಲ್ಲಿನ ಪ್ರಯೋಗಶಾಲೆ ನಿಲ್ಲಲಿಲ್ಲ. ಆ ಪ್ರಯೋಗಶಾಲೆಯೇ ವಾಯುಮಂಡಲದ ನ್ಯೂಟ್ರಿನೋಗಳು ದಾರಿಯಲ್ಲಿ ಬಗೆ ಬದಲಿಸುತ್ತವೆಂದು 1998ರಲ್ಲಿ ಸಾರಿತ್ತು; ಅದಕ್ಕಾಗಿ ಕಾಜಿತಾ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಎರಡೂ ಕಡೆ ಗಣಿ ಬರಿದಾಯಿತು. ಒಂದು ಕಡೆ ಮಾತ್ರ ನೆಲವು ವಿಜ್ಞಾನದ ಪಾಲಿಗೆ ಉಳಿಯಿತು. ಕೋಲಾರಕ್ಕೆ ಬದಲಾಗಿ ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ನ್ಯೂಟ್ರಿನೋ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸರಕಾರದ ಒಪ್ಪಿಗೆ ದೊರೆತರೂ, ಬೆಟ್ಟವನ್ನೂ ನೀರನ್ನೂ ಕುರಿತ ಸ್ಥಳೀಯರ ಆತಂಕ ಮತ್ತು ರಾಜ್ಯ ಸರಕಾರದ ವಿರೋಧದಿಂದ ಅದು ಎದ್ದು ನಿಲ್ಲಲಿಲ್ಲ.

ಮಹಾರಾಷ್ಟ್ರದ ಕನ್ನಡಿಗರಿಗೆ ಈ ವೃತ್ತಾಂತವು ಸಮೀಪದ್ದು. ಛತ್ರಪತಿ ಸಂಭಾಜಿನಗರ ವಿಭಾಗದ ಹಿಂಗೋಲಿ ಜಿಲ್ಲೆಯಲ್ಲಿ, ಜ್ಯೋತಿರ್ಲಿಂಗಕ್ಕೆ ಹೆಸರಾದ ಔಂಢಾ ನಾಗನಾಥದ ಬಳಿ, ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ–ಇಂಡಿಯಾ ವೀಕ್ಷಣಾಲಯಕ್ಕೆ 2023ರ ಏಪ್ರಿಲಿನಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರಾಯಿತು. ಇದು ಕಣವಿಜ್ಞಾನವಲ್ಲ, ಆದರೆ ಸಹಯೋಗದ ಕ್ರಮ ಕೋಲಾರದ್ದೇ. ಅಂದು ಹೊರನಾಡಿನ ಉಪಕರಣಗಳಿಗೆ ಕೋಲಾರದ ಆಳವು ಒದಗಿದಂತೆ, ಇಂದು ಅಮೆರಿಕದ ಯಂತ್ರಭಾಗಗಳಿಗೆ ಮರಾಠವಾಡದ ಕದಲದ ನೆಲವು ಒದಗುತ್ತಿದೆ. ಅಲ್ಲಿ ಬೇಕಾದದ್ದು ಆಳದ ಮೌನ, ಇಲ್ಲಿ ಬೇಕಾದದ್ದು ಕಂಪನವಿಲ್ಲದ ಮೌನ. ಹಿಂಗೋಲಿಯ ನೆಲವನ್ನು ವಿಜ್ಞಾನಕ್ಕೆಂದೇ ಆರಿಸಿದ್ದಾರೆ. ಅದು ಗಣಿಯ ಲಾಭನಷ್ಟಕ್ಕೆ ಕಟ್ಟುಬಿದ್ದದ್ದಲ್ಲ. ಕೋಲಾರಕ್ಕೆ ದೊರೆಯದಿದ್ದ ಭಾಗ್ಯವೆಂದರೆ ಇದೇ. ಸುತ್ತಲಿನ ಜನರ ಸಮ್ಮತಿಯೂ ಅಷ್ಟೇ ಕಾಲ ಉಳಿಯುವಂತೆ ನೋಡಿಕೊಳ್ಳುವುದು ಇನ್ನು ವಿಜ್ಞಾನಿಗಳ ಹೊಣೆ.