ಸರ್ಪಸುತ್ತು ಹೋಯ್ತು, ಉರಿ ಹೋಗಲಿಲ್ಲ!

ದೊಡ್ಡಗದ್ದವಳ್ಳಿ: ಗುಳ್ಳೆ ಒಣಗಿ ತಿಂಗಳುಗಳಾದರೂ ಪಕ್ಕೆಗೆ ಅಂಗಿ ತಾಗಿದರೆ ಬೆಂಕಿ ಇಟ್ಟಂತೆ ಉರಿ. ಕೆಮ್ಮಣ್ಣು ಬಳಿದದ್ದಾಯ್ತು, ನಾಗರಕಲ್ಲಿಗೆ ಹಾಲೆರೆದದ್ದೂ ಆಯ್ತು. ಹಳ್ಳಿ ಕಡೆಯ ಹಿರಿಯರ ಮಾಮೂಲಿ ಗೋಳು ಇದು.

ಸರ್ಪಕ್ಕೂ ಇದಕ್ಕೂ ಸಂಬಂಧವಿಲ್ಲ ಸ್ವಾಮಿ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ ನರದ ಬುಡದಲ್ಲಿ ಅಡಗಿ ಕೂತು, ವಯಸ್ಸಾದ ಮೇಲೆ ಮತ್ತೆ ಏಳುತ್ತದೆ. ಅದಕ್ಕೇ ಒಂದೇ ಮಗ್ಗುಲಿಗೆ, ನರದ ಜಾಡು ಹಿಡಿದು ಗುಳ್ಳೆ. ತಲೆ ಬಾಲ ಕೂಡಿದರೆ ಸಾವು ಎಂಬುದು ಬರೀ ಹೆದರಿಕೆ. ಗುಳ್ಳೆ ಮಾಯ್ದರೂ ಗಾಸಿಯಾದ ನರ ನೋವಿನ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ.

ಅಂಗಡಿಯ ನೋವಿನ ಗುಳಿಗೆ ಇದಕ್ಕೆ ಅಷ್ಟಾಗಿ ನಾಟದು. ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ನರದ ಮಾತ್ರೆಯನ್ನು ವೈದ್ಯರು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಬಗ್ಗದಿದ್ದರೆ ನರದ ಪಕ್ಕಕ್ಕೇ ಸೂಜಿಮದ್ದು.

ಗುಳ್ಳೆ ಎದ್ದ 72 ಗಂಟೆಯೊಳಗೆ ಎಸೈಕ್ಲೋವಿರ್ ಶುರುವಾದರೆ ಬೇಗ ಒಣಗುತ್ತದೆ, ನೋವೂ ತಗ್ಗುತ್ತದೆ. ಕೆಮ್ಮಣ್ಣು ಹಾಗಿರಲಿ, ಮೊದಲು ಹಾಸನದ ಬಸ್ಸು ಹತ್ತಿ!