ರಾಗಿಯ ಬೇರಿನ ಕಾವಲುಗಾರರು

1995ರಲ್ಲಿ ದಕ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ವಿಚಿತ್ರವಾದ ಬೇನೆಯೊಂದು ಕಾಣಿಸಿಕೊಂಡಿತು. ರೊಟ್ಟಿ ಉಂಡವರಿಗೆ ಹೊಟ್ಟೆನೋವು, ಹೊಟ್ಟೆಯೊಳಗೆ ಗುಡುಗುಡು ಸದ್ದು, ಭೇದಿ. ಕರ್ನಾಟಕ ಮತ್ತು ಆಂಧ್ರಪ್ರದೇಶಗಳ ಆ ಸೀಮೆಯಲ್ಲಿ 50 ಹಳ್ಳಿಗಳನ್ನು ಪರಿಶೀಲಿಸಿದಾಗ 27ರಲ್ಲಿ ಬೇನೆ ಇದ್ದುದು ತಿಳಿದುಬಂತು. ಆದರೆ ಹಳ್ಳಿಯಲ್ಲಿದ್ದವರೆಲ್ಲರೂ ಮಲಗಿರಲಿಲ್ಲ. ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳವನ್ನೋ ಮುಸುಕಿನ ಜೋಳವನ್ನೋ ತಿಂದವರು ಮಾತ್ರ ನರಳಿದರು. ಒಳ್ಳೆಯ ಕಾಳು ತಿಂದ ನೆರೆಮನೆಯವರು ಸುಖವಾಗಿದ್ದರು. ಆ ಮನೆಗಳ ಕಾಳನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು.

ಅಪರಾಧಿಯು ಫ್ಯುಮೊನಿಸಿನ್ ಎಂಬ ವಿಷ. ಅದನ್ನು ತಯಾರಿಸುವುದು ಫ್ಯುಸೇರಿಯಮ್ ಎಂಬ ಶಿಲೀಂಧ್ರ. ಇದೇ ಕುಲದ ಇತರ ಶಿಲೀಂಧ್ರಗಳು ಡಿಆಕ್ಸಿನಿವಲೆನಾಲ್ ಎಂಬ ಇನ್ನೊಂದು ವಿಷವನ್ನು ಸ್ರವಿಸುತ್ತವೆ. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಸಿಕ್ಕಿದ ಗೋಧಿಯನ್ನುಂಡ ಅನೇಕರು ಅಸ್ವಸ್ಥರಾದುದು ಇಂತಹ ವಿಷಗಳಿಂದಲೇ. ಬೂಷ್ಟನ್ನು ತೊಳೆಯಬಹುದು, ಬಿಸಿಲಿಗೆ ಹಾಕಿ ಕೊಲ್ಲಬಹುದು. ಆದರೆ ಅದು ಬಿಟ್ಟುಹೋದ ವಿಷವು ನಮ್ಮ ಅಡುಗೆಮನೆಯ ಕಾವಿಗೆ ಸುಲಭವಾಗಿ ಬಗ್ಗುವುದಿಲ್ಲ. ಇಲ್ಲಿ ರೋಗವನ್ನು ತಡೆಯಬೇಕಾದ ಸ್ಥಳ ಆಸ್ಪತ್ರೆಯಲ್ಲ, ಹೊಲ.

ಇನ್ನು ನಮ್ಮ ರಾಗಿಯ ಕಡೆಗೆ ಬರೋಣ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರಿನ ಕೆಂಪು ನೆಲಕ್ಕೆ ರಾಗಿ ಹೊಸದಲ್ಲ. ಅದರ ಮೂಲ ನೆಲೆ ಪೂರ್ವ ಆಫ್ರಿಕವಾದರೂ ಇಂದು ಭಾರತದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕದಲ್ಲೇ. ರಾಗಿಗೆ ರೋಗವೇ ಇಲ್ಲವೆಂದಲ್ಲ. ಬೆಂಕಿ ರೋಗವನ್ನು ಕಂಡು ನಿಟ್ಟುಸಿರಿಡದ ರೈತನಿಲ್ಲ. ಆದರೂ ಫ್ಯುಸೇರಿಯಮ್ಮಿನ ಮುಂದೆ ಗೋಧಿ, ಮುಸುಕಿನ ಜೋಳಗಳಿಗಿಂತ ರಾಗಿಯು ಗಟ್ಟಿಯಾಗಿ ನಿಲ್ಲುತ್ತದೆ. ಏಕೆ?

ಕೆನಡಾ ದೇಶದ ಗ್ವೆಲ್ಫ್ ವಿಶ್ವವಿದ್ಯಾನಿಲಯದಲ್ಲಿ ಮನೀಶ್ ರೈಜಾದಾ ಅವರ ತಂಡವು 2016ರಲ್ಲಿ ಇದಕ್ಕೊಂದು ಉತ್ತರವನ್ನು ಪ್ರಕಟಿಸಿತು. ರಾಗಿಯ ಬೇರಿನೊಳಗೆ ವಾಸಿಸುವ, ‘ಎಂ6’ ಎಂದು ಅವರು ಹೆಸರಿಟ್ಟ ಎಂಟರೊಬ್ಯಾಕ್ಟರ್ ಕುಲದ ಬ್ಯಾಕ್ಟೀರಿಯವೇ ಆ ಉತ್ತರ. ಶಿಲೀಂಧ್ರವು ಬೇರನ್ನು ಸಮೀಪಿಸಿದೊಡನೆ ಈ ಜೀವಿಗಳು ಹಿಂಡುಹಿಂಡಾಗಿ ಅದರತ್ತ ಈಜುತ್ತವೆ. ಅವುಗಳ ಪ್ರೇರಣೆಯಿಂದ ಬೇರುರೋಮಗಳು ಹೇರಳವಾಗಿ ಹುಟ್ಟುತ್ತವೆ; ಹೊರಕ್ಕೆ ಚಾಚುವ ಬದಲು ಬೇರಿನ ಉದ್ದಕ್ಕೂ ಸಮಾನಾಂತರವಾಗಿ ಬಾಗುತ್ತವೆ. ರೋಮಗಳ ನಡುವಣ ಸಂದುಗಳಲ್ಲಿ ಬ್ಯಾಕ್ಟೀರಿಯಗಳು ಗುಂಪುಗೂಡುತ್ತವೆ. ಒಂದು ಪದರ ರೋಮ, ಒಂದು ಪದರ ಬ್ಯಾಕ್ಟೀರಿಯ, ಹೀಗೆ ಗೋಡೆ ಏಳುತ್ತದೆ. ಕಲ್ಲಿಗೆ ಗಾರೆ ಮೆತ್ತಿದಂತೆ! ಆ ಬಲೆಯಲ್ಲಿ ಸಿಕ್ಕಿಬಿದ್ದ ಶಿಲೀಂಧ್ರವನ್ನು ರಾಸಾಯನಿಕಗಳಿಂದ ಕೊಲ್ಲಲಾಗುತ್ತದೆ. ಶತ್ರುವೂ ಸುಮ್ಮನಿರುವುದಿಲ್ಲ, ಫ್ಯುಸೇರಿಕ್ ಆಮ್ಲವೆಂಬ ಬ್ಯಾಕ್ಟೀರಿಯನಾಶಕವನ್ನು ಬಿಡುತ್ತದೆ. ಆದರೆ ಎಂ6 ಅದನ್ನು ತಾಳಿಕೊಳ್ಳಬಲ್ಲದು. ಇದನ್ನು ಗೋಧಿ ಮತ್ತು ಮುಸುಕಿನ ಜೋಳದ ಗಿಡಗಳಿಗೆ ಕೊಟ್ಟು ನೋಡಿದಾಗ ಅವುಗಳ ಕಾಳಿನಲ್ಲಿಯೂ ವಿಷದ ಪ್ರಮಾಣ ತಗ್ಗಿತು. ಸಾವಿರಾರು ವರ್ಷ ಬಡವರ ಧಾನ್ಯವೆನಿಸಿಕೊಂಡ ರಾಗಿಯಿಂದ ಗೋಧಿಯು ಸಾಲ ಪಡೆಯುವ ಕಾಲ ಬಂತೆನ್ನಬೇಕು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವುಂಟು. ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದುದರಿಂದ ನೆನೆದ ಮಣ್ಣಿನ ಒಂದು ಚಿಕ್ಕ ಹೆಂಟೆಯ ಮೇಲ್ಮೈಯಲ್ಲಿ ಉಸಿರಾಡುವ ಜೀವಿಗಳಿದ್ದರೆ, ಕೆಲವೇ ಮಿಲಿಮೀಟರ್ ಒಳಗೆ ಆಮ್ಲಜನಕವನ್ನೇ ಒಲ್ಲದ ಜೀವಿಗಳಿರಬಹುದು. ಕೊಟ್ಟಿಗೆ ಗೊಬ್ಬರ ಹಾಕಿ, ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುವ ಹೊಲದಲ್ಲಿ ಇಂತಹ ನೆಲೆಗಳು ಎಷ್ಟೋ ಬಗೆಯವು.

ಕೊಯ್ಲಾದ ಮೇಲೆ ರಂಗ ಬದಲಾಗುತ್ತದೆ. ಹಿಂದೆ ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯನ್ನು ಹಗೇವಿನಲ್ಲಿಡುತ್ತಿದ್ದರು. ಗಟ್ಟಿನೆಲದಲ್ಲಿ ಹೂಜಿಯಾಕಾರದ ಗುಂಡಿ ತೋಡಿ, ಹುಲ್ಲು ಹಾಸಿ, ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ಒಳಗಿನ ಕಾಳು, ಹುಳು, ಬೂಷ್ಟುಗಳೆಲ್ಲ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಬೂಷ್ಟು ನಿಲ್ಲುತ್ತದೆ, ರಾಗಿ ವರ್ಷಗಟ್ಟಲೆ ಉಳಿಯುತ್ತದೆ. ಈ ಅನಿಲವು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ಗುಂಡಿಯ ತಳದಲ್ಲೇ ತಂಗುತ್ತದೆ. ಅವಸರದಿಂದ ಇಳಿದವರು ಪ್ರಾಣ ಕಳೆದುಕೊಂಡುದುಂಟು. ಹಿರಿಯರು ಮೊದಲು ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಉರಿದರೂ ಅಪಾಯವಿರಬಹುದೆಂಬುದನ್ನು ಇಂದಿನ ವಿದ್ಯಾರ್ಥಿಯು ತಿಳಿದಿರಬೇಕು. ಇಂದು ಹಗೇವುಗಳು ಅಪರೂಪ. ಚೀಲದಲ್ಲಿಡುವವರು ತೇವವನ್ನು ಶೇಕಡಾ 12ರ ಆಸುಪಾಸಿಗೆ ಇಳಿಸದೆ ಕಟ್ಟಿದರೆ ಶಿಲೀಂಧ್ರಗಳಿಗೆ ಔತಣವಿತ್ತಂತೆಯೇ.

ಇದೇ ರಾಗಿಯ ಹಿಟ್ಟಿನಿಂದ ಮಾಡಿದ ಅಂಬಲಿಯನ್ನು ರಾತ್ರಿ ಹುಳಿಯಲು ಬಿಟ್ಟರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಕೆಲಸಕ್ಕೆ ತೊಡಗುತ್ತವೆ. ಹುಳಿಯೇರಿದಷ್ಟೂ ಕೆಡಿಸುವ ಜೀವಿಗಳಿಗೆ ಅಲ್ಲಿ ಬಾಳುವೆ ಕಷ್ಟ. ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶವೂ ಕಡಿಮೆಯಾಗಿ, ಕಬ್ಬಿಣವು ಮೈಗೆ ಹೆಚ್ಚಾಗಿ ದಕ್ಕುತ್ತದೆ. ಜೀರ್ಣವಾಗದ ನಾರು ಮುಂದೆ ಸಾಗಿ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿಯ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಬ್ಯುಟಿರಿಕ್ ಆಮ್ಲವನ್ನು ಉತ್ಪಾದಿಸುತ್ತವೆ. ಕರುಳಿನ ಒಳಗೋಡೆಯ ಕೋಶಗಳು ತಮ್ಮ ಶಕ್ತಿಯ ಬಹುಭಾಗವನ್ನು ಪಡೆಯುವುದು ಈ ಆಮ್ಲದಿಂದಲೇ.