ಮನೆಮಂದಿಗೂ ಪಂದ್ಯಕ್ಕೂ ಒಂದೇ ಹಾಯಿದೋಣಿ

ಫ್ಲೈಯಿಂಗ್ ಸ್ಕಾಟ್ ಅಮೆರಿಕದ ಸರೋವರಗಳಿಗೂ ಕೊಲ್ಲಿಗಳಿಗೂ ಒಗ್ಗಿಹೋಗಿರುವ 19 ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿ. 1957ರಲ್ಲಿ ಇದನ್ನು ರೂಪಿಸಿದವರು ಗಾರ್ಡನ್ ‘ಸ್ಯಾಂಡಿ’ ಡಗ್ಲಸ್. ಅವರದೇ ಹಿಂದಿನ ಥಿಸಲ್ ದೋಣಿ ಪಂದ್ಯಪ್ರಿಯರಲ್ಲಿ ಆಗಲೇ ಹೆಸರು ಮಾಡಿತ್ತು. 17 ಅಡಿ ಉದ್ದ, 515 ಪೌಂಡ್ ತೂಕದ ಥಿಸಲ್ ಗಾಳಿ ಸಿಕ್ಕರೆ ನೀರಿನ ಮೇಲೆ ಜಾರಿಕೊಂಡೇ ಓಡುತ್ತದೆ. ಆದರೆ ಅದು ಮೇಲ್ಹಾಸಿಲ್ಲದ ತೆರೆದ ದೋಣಿ. ಮಕ್ಕಳನ್ನು ಕೂರಿಸಿಕೊಂಡು ಮಧ್ಯಾಹ್ನವಿಡೀ ಸುತ್ತಾಡಲು ಹೇಳಿಮಾಡಿಸಿದ್ದಲ್ಲ. ವೇಗವನ್ನು ಹೆಚ್ಚು ಬಿಟ್ಟುಕೊಡದೆ ಆ ಕೊರತೆ ನೀಗಿಸಿದ್ದೇ ಸ್ಕಾಟ್‌ನ ಹೆಚ್ಚುಗಾರಿಕೆ.

ಅದರ ಗುಟ್ಟಿರುವುದು ಅಗಲದಲ್ಲಿ. ಒಡಲು 6 ಅಡಿ 9 ಇಂಚು ಅಗಲವಿರುವುದರಿಂದ ಒಬ್ಬರು ಎದ್ದು ಪಕ್ಕ ಬದಲಿಸಿದರೆ ದೋಣಿ ಗಾಬರಿ ಹುಟ್ಟಿಸುವಷ್ಟು ವಾಲುವುದಿಲ್ಲ. ಎರಡೂ ಬದಿಯ ಉದ್ದನೆಯ ಆಸನಗಳಲ್ಲಿ ಆರು ಜನ ಧಾರಾಳವಾಗಿ ಕೂರಬಹುದು. ಪಂದ್ಯಕ್ಕೆ ಇಬ್ಬರು ಅಥವಾ ಮೂವರು ಸಾಕು. ದೊಡ್ಡ ಹಾಯಿ, ಮುಂದಿನ ಹಾಯಿ ಸೇರಿ 191 ಚದರ ಅಡಿ. ಗಾಳಿ ಬೆನ್ನಿಗಿದ್ದಾಗ ಅರಳಿಸುವ ಸ್ಪಿನ್ನೇಕರ್ ಒಂದೇ 200 ಚದರ ಅಡಿ.

ಗಾಳಿಗೆದುರಾಗಿ ಓರೆಯಲ್ಲಿ ಸಾಗುವಾಗ ದೋಣಿ ಪಕ್ಕಕ್ಕೆ ಸರಿಯದಂತೆ ತಡೆಯುವುದು ನಡುವಿನ ಸೆಂಟರ್‌ಬೋರ್ಡ್. ಅದನ್ನು ಪೂರ್ತಿ ಇಳಿಸಿದರೆ 4 ಅಡಿ ಆಳ ಬೇಕು. ಎತ್ತಿಬಿಟ್ಟರೆ 8 ಇಂಚು ನೀರಿದ್ದರೂ ನಡೆಯುತ್ತದೆ. ಮರಳದಂಡೆಗೆ ಮೂತಿ ತಾಗಿಸಿ ಇಳಿಯಬಹುದು, ಟ್ರೇಲರ್‌ಗೇರಿಸಿ ಇನ್ನೊಂದೂರಿನ ಸರೋವರಕ್ಕೂ ಒಯ್ಯಬಹುದು.

ಒಡಲಿನ ರಚನೆ ವಿಶೇಷವಾಗಿ ಗಮನಿಸುವಂಥದ್ದು. ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿದೆ. ಪದರಗಳ ನಡುವಿನ ಅಂತರ ಹೆಚ್ಚಿದಷ್ಟೂ ಬಾಗುವಿಕೆ ಕಡಿಮೆ, ಭಾರ ಮಾತ್ರ ಅಷ್ಟಾಗಿ ಏರದು. ಹೀಗೆ ಸುಮಾರು 850 ಪೌಂಡ್, ಅಂದರೆ 385 ಕಿಲೋ ತೂಕದಲ್ಲೇ ಗಡುಸಾದ ದೋಣಿ ಸಿಕ್ಕಿತು. ಇದರಲ್ಲೊಂದು ಅಪಾಯವೂ ಇದೆ. ತಿರುಪಿನ ತೂತಿನಿಂದ ನೀರು ಒಳಗಿಳಿದರೆ ಬಾಲ್ಸಾ ಕೊಳೆಯುತ್ತದೆ, ದೋಣಿ ಭಾರವಾಗುತ್ತದೆ. ಹಳೆಯದನ್ನು ಕೊಳ್ಳುವವರು ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ ನೋಡಬೇಕು: ಗಟ್ಟಿಯಿದ್ದಲ್ಲಿ ಖಣಖಣ ಸದ್ದು, ಕೊಳೆತಲ್ಲಿ ಮಂದ ಸದ್ದು.

ಈವರೆಗೆ 6000ಕ್ಕೂ ಹೆಚ್ಚು ಸ್ಕಾಟ್‌ಗಳು ತಯಾರಾಗಿವೆ. ಮೇರಿಲ್ಯಾಂಡ್‌ನ ಡೀರ್ ಪಾರ್ಕ್ ಇದರ ತಯಾರಿಕೆಯ ಊರು. ಪಂದ್ಯಕ್ಕಿಳಿಯುವ ದೋಣಿಯ ಒಡಲಿನ ಆಕಾರ, ತೂಕ, ಹಾಯಿಯ ಅಳತೆ ಎಲ್ಲಕ್ಕೂ ಕಟ್ಟುನಿಟ್ಟಿನ ನಿಯಮಗಳಿವೆ. ದುಡ್ಡು ಸುರಿದು ವೇಗ ಕೊಳ್ಳುವ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿದೆ. ಚೆನ್ನಾಗಿ ಕಾಪಾಡಿಕೊಂಡ ದಶಕಗಳಷ್ಟು ಹಳೆಯ ದೋಣಿಯೂ ಹೊಸ ಹಾಯಿ ಕಟ್ಟಿಕೊಂಡರೆ ಹೊಸ ದೋಣಿಗೆ ಸಮಸಮ ಪೈಪೋಟಿ ಕೊಡಬಲ್ಲದು.